ಡಿಂಪ್ನಾ ಒಳಗೇ ಒಣಗಿಸುತ್ತಿದ್ದ ಅಂಗಿಗಳು

ಬಿಸಿಲು ಚೆನ್ನಾಗಿರುವ ದಿನವೂ ನಾನು ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತೇನೆ. ಮಗಳ ಲಂಗ, ಗಂಡನ ಪೈಜಾಮ, ಟವೆಲ್ಲು. ಮುಚ್ಚಿಡಬೇಕಾದದ್ದು ಒಂದೂ ಇಲ್ಲ. ಆದರೂ ಒಲೆಯ ಮುಂದೆ ಕುರ್ಚಿಗಳನ್ನು ಸಾಲಾಗಿ ಇಟ್ಟು ಅವುಗಳ ಬೆನ್ನಿಗೆ ಹರಡುತ್ತೇನೆ. ಮನೆಯೆಲ್ಲ ಹಸಿ ವಾಸನೆ. ಹಾಲಿನ ಡೇರಿಯಲ್ಲಿ ಗುಮಾಸ್ತನಾಗಿರುವ ನನ್ನ ಗಂಡ ಕಾರ್ಮಾಕ್ ಮೊದಮೊದಲು ಗೊಣಗುತ್ತಿದ್ದ. ಈಗ ಸುಮ್ಮನೆ ಒಂದು ಕುರ್ಚಿ ಖಾಲಿ ಮಾಡಿಕೊಂಡು ಕೂರುತ್ತಾನೆ. ಈ ಅಭ್ಯಾಸ ನನಗೆ ಹತ್ತಿದ್ದು ಪಕ್ಕದ ಮನೆಯ ಡಿಂಪ್ನಾ ಟ್ರೇನರ್ ಅವರಿಂದ. ಅಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ನನ್ನದೇ ಒಂದು ತಪ್ಪಿನಿಂದ.

ಕಳೆದ ಫೆಬ್ರವರಿಯಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಅವರ ಬಗ್ಗೆ ಬರೆಯಲು ಇನ್ನು ಯಾರೂ ಇಲ್ಲ, ಬರೆಯಬಲ್ಲ ಒಬ್ಬನು ಈ ಊರಿಗೆ ಕಾಲಿಡುವ ಹಾಗಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಡಿಂಪ್ನಾ ಅವರ ಕೆಲಸ ಚರ್ಚಿನ ಬಲಿಪೀಠದ ಬಟ್ಟೆ ಒಗೆಯುವುದು. ಮೂವತ್ತು ವರ್ಷ ಅದನ್ನೇ ಮಾಡಿದರು. ಬಿಳಿ ನಾರುಬಟ್ಟೆಗೆ ಗಂಜಿ ಹಾಕಿ, ಮೂರು ಮಡಿಕೆಯಾಗಿ ಇಸ್ತ್ರಿ ಮಾಡಿ, ಶನಿವಾರ ಸಂಜೆಯೊಳಗೆ ತಲುಪಿಸಬೇಕು. ಪೂಜೆಯ ದ್ರಾಕ್ಷಾರಸದ ಬಟ್ಟಲು ಒರೆಸಿದ ಬಟ್ಟೆಯ ಮೊದಲ ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ, ಮಣ್ಣಿಗೇ ಹಾಕಬೇಕು. ಅವರು ಹಿತ್ತಲ ಗುಲಾಬಿಯ ಬುಡಕ್ಕೆ ಹಾಕುತ್ತಿದ್ದರು. ಈ ಊರಲ್ಲಿ ಪಾದ್ರಿಯ ಕಿವಿಯಲ್ಲಿ ಪಾಪನಿವೇದನೆ ಮಾಡದೆ ಪರಮಪ್ರಸಾದ ತಗೊಳ್ಳೋದು ಆ ಗಿಡ ಒಂದೇ ಎಂದು ನಗುತ್ತಿದ್ದರು.

ನಾನು ಡಬ್ಲಿನ್‌ನಲ್ಲಿ ಹುಟ್ಟಿ, ಅಲ್ಲೇ ಓದಿ, ಮದುವೆಯಾಗಿ ಮೊನಹನ್ ಕಡೆಯ ಈ ಊರಿಗೆ ಬಂದವಳು. ಇಲ್ಲಿಂದ ಗಡಿ ಐದು ಮೈಲಿ. ಗಡಿಯಾಚೆಯ ಉತ್ತರ ಭಾಗ ಇನ್ನೂ ಬ್ರಿಟಿಷರ ಕೈಯಲ್ಲಿದೆ, ಅಲ್ಲಿ ಅವರ ಸೈನ್ಯ. ಅವರ ಹೆಲಿಕಾಪ್ಟರ್ ಸದ್ದು ಗಾಳಿ ಬೀಸಿದ ದಿಕ್ಕಿನ ಮೇಲೆ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಆ ಸೈನ್ಯದ ಮೇಲೆ ಬಂದೂಕು ಹಿಡಿದವರನ್ನು ನಮ್ಮೂರಲ್ಲಿ ಯಾರೂ ಹೆಸರಿಟ್ಟು ಕರೆಯುವುದಿಲ್ಲ. "ಹುಡುಗರು" ಎನ್ನುತ್ತಾರೆ, ಅಷ್ಟೆ. ನನ್ನ ಓರ್ಲಾ ಹುಟ್ಟಿದ ಚಳಿಗಾಲದಲ್ಲಿ ನನಗೆ ಎಲ್ಲದಕ್ಕೂ ಭಯ. ಮಗು ಅತ್ತರೆ ಭಯ, ಅಳದಿದ್ದರೆ ಇನ್ನೂ ಭಯ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕನ್ನಡಿ ಹಿಡಿಯುತ್ತಿದ್ದೆ. ಡಿಂಪ್ನಾ ಹಿಂಬಾಗಿಲಿಂದ ಬಂದು ಆ ಕನ್ನಡಿ ಕಿತ್ತುಕೊಂಡು ಗೋಡೆಗೆ ನೇತುಹಾಕಿದರು. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ ಬೆನ್ನು ಸವರುವುದನ್ನು ಕಲಿಸಿದರು. ನನ್ನ ಅಮ್ಮ ಎಂಬತ್ತು ಮೈಲಿ ದೂರದಲ್ಲಿದ್ದಳು, ಇವರು ಒಂದು ಗೋಡೆಯಾಚೆ ಇದ್ದರು.

ಅವರ ಬದುಕನ್ನು ನಾನು ಚಹಾದ ಹೊತ್ತಿನಲ್ಲಿ ತುಣುಕುತುಣುಕಾಗಿ ಕೇಳಿದೆ. ಅಪ್ಪ ೧೯೧೫ರಲ್ಲಿ ಬ್ರಿಟಿಷ್ ರಾಜನ ಸೈನ್ಯ ಸೇರಿ ಫ್ರಾನ್ಸಿಗೆ ಹೋದವರು. ಹೋಗುವಾಗ ಊರಿನ ಬ್ಯಾಂಡು ರೈಲುನಿಲ್ದಾಣದ ತನಕ ಬಂದಿತ್ತಂತೆ. ಎರಡು ಬೆರಳು ಕಳೆದುಕೊಂಡು ಮರಳಿದಾಗ ಊರು ಬದಲಾಗಿತ್ತು. ಬ್ಯಾಂಡು ಬಾರಿಸಿದವರೇ ಈಗ ಆ ರಾಜನ ವಿರುದ್ಧ ಎದ್ದಿದ್ದರು. ಮುಂದೆ ದೇಶ ಸ್ವತಂತ್ರವಾದ ಮೇಲೆ ಅವರಿಗೆ ಯಾರೂ ಕೆಲಸ ಕೊಡಲಿಲ್ಲ. ನವೆಂಬರ್‌ನಲ್ಲಿ ಸತ್ತ ಸಿಪಾಯಿಗಳ ನೆನಪಿಗೆ ಕೆಂಪು ಕಾಗದದ ಹೂವು ಸಿಕ್ಕಿಸಿಕೊಳ್ಳುವ ದಿನ ಅವರು ಅದನ್ನು ಕೋಟಿನ ಒಳಮಗ್ಗುಲಿಗೆ ಸಿಕ್ಕಿಸಿಕೊಂಡು, ಗುಂಡಿ ಕುತ್ತಿಗೆಯ ತನಕ ಹಾಕಿ, ಬೀದಿಯ ಉದ್ದಕ್ಕೂ ಒಮ್ಮೆ ನಡೆದು ಬರುತ್ತಿದ್ದರಂತೆ. ಯಾರಿಗೂ ಕಾಣದು. ಅವರು ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಡಲು ಆರು ಜನ ಸೇರಲಿಲ್ಲ. ಗಾಡಿಯಲ್ಲಿ ಒಯ್ದರು. ನಮ್ಮೂರಲ್ಲಿ ಗಾಡಿಯಲ್ಲಿ ಹೋಗುವವರು ಅನಾಥರು ಮಾತ್ರ.

ಡಿಂಪ್ನಾ ಅವರ ಗಂಡ ರೈಲ್ವೆಯವನು. ಊರಿನ ರೈಲು ನಿಲ್ಲಿಸಿ ಹಳಿ ಕಿತ್ತುಹಾಕುವ ಹಿಂದಿನ ವರ್ಷ ತೀರಿಕೊಂಡ. ಒಬ್ಬನೇ ಮಗ, ಯೂಜೀನ್. ಅವನ ಬಗ್ಗೆ ಯಾರು ಕೇಳಿದರೂ ಒಂದೇ ಉತ್ತರ: "ಕವೆಂಟ್ರಿಯ ಕಾರ್ಖಾನೇಲಿ ಕಾರು ಮಾಡ್ತಾನೆ." ಸತ್ಯ ಬೇರೆ ಇತ್ತು. ಅವನು ಮೂರು ವರ್ಷದಿಂದ ಬ್ರಿಟಿಷ್ ಸೈನ್ಯದಲ್ಲಿದ್ದ, ಜರ್ಮನಿಯ ಒಂದು ಠಾಣ್ಯದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಶನಿವಾರ ನಡೆಯುತ್ತಲೇ ಇರಲಿಲ್ಲ.

ಅದು ೧೯೭೩ರ ಮೇ ತಿಂಗಳು. ಓರ್ಲಾಗೆ ನಾಲ್ಕು ತಿಂಗಳು. ಹಿಂದಿನ ತಿಂಗಳು ಡಿಂಪ್ನಾ ಅವರಿಗೆ ಆಪರೇಷನ್ ಆಗಿತ್ತು ಎಂದು ತಡವಾಗಿ ತಿಳಿದು ಯೂಜೀನ್ ನಾಲ್ಕು ದಿನಕ್ಕೆಂದು ಬಂದಿದ್ದ. ಈ ಕಡೆ ಬರಲು ಅವನಿಗೆ ಸೈನ್ಯದ ಅಪ್ಪಣೆ ಇರಲಿಲ್ಲ, ಹೇಳದೆ ಬಂದಿದ್ದ. ಒಮ್ಮೆ ಮಾತ್ರ ಅವನನ್ನು ನೋಡಿದೆ. ಎತ್ತರದ ಹುಡುಗ, ನಾಚಿಕೆ ಸ್ವಭಾವ, ಹೊರಗೇ ಬರುತ್ತಿರಲಿಲ್ಲ. ಪ್ರಯಾಣದ ಆಯಾಸ ಇರಬೇಕು ಎಂದುಕೊಂಡೆ.

ಒಂದು ವಾರ ಬಿಡದೆ ಸುರಿದ ಮಳೆ ಆ ಶನಿವಾರ ಬೆಳಿಗ್ಗೆ ನಿಂತಿತು. ನಾನು ಓರ್ಲಾಳ ಲಂಗೋಟಿಗಳನ್ನು ಹಿತ್ತಲಲ್ಲಿ ಹಾಕುವಾಗ ಡಿಂಪ್ನಾ ಇಸ್ತ್ರಿ ಮಾಡಿದ್ದಷ್ಟನ್ನು ತೆಗೆದುಕೊಂಡು ಚರ್ಚಿಗೆ ಹೋಗಿದ್ದರು. ತೆರೆದ ಬಾಗಿಲಿನಿಂದ ಅವರ ಬಚ್ಚಲಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಕಂಡಿತು. ಇಷ್ಟು ದಿನ ನನಗೆ ಅವರು ಮಾಡಿದ್ದಕ್ಕೆ ಪ್ರತಿಯಾಗಿ ಒಂದು ಸಣ್ಣ ಕೆಲಸವಾದರೂ ಮಾಡೋಣ ಅನಿಸಿತು. ಬುಟ್ಟಿ ತಂದು ಎಲ್ಲವನ್ನೂ ಅವರ ಹಗ್ಗಕ್ಕೆ ಹಾಕಿದೆ. ಮೇಲೆ ಬಲಿಪೀಠದ ಬಟ್ಟೆಗಳು. ತಳದಲ್ಲಿ ನಾಲ್ಕು ಒರಟು ಉಣ್ಣೆಯ ಅಂಗಿ, ಖಾಕಿ ಬಣ್ಣ, ಕಾಲರಿನ ಒಳಗೆ ಕಪ್ಪು ಶಾಯಿಯಲ್ಲಿ ಒಂದು ಸಂಖ್ಯೆ. ಕಾರ್ಖಾನೆಯಲ್ಲಿ ಬಟ್ಟೆ ಅದಲುಬದಲಾಗದ ಹಾಗೆ ಹಾಕಿದ ಗುರುತು ಎಂದುಕೊಂಡೆ. ಗಡಿಯ ಪಕ್ಕದಲ್ಲೇ ಹುಟ್ಟಿದ ಯಾವ ಹೆಂಗಸೂ, ಏಳು ವರ್ಷದ ಹುಡುಗಿಯೂ, ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಅಂಥ ಅಂಗಿಯನ್ನು ಪರದೆ ಎಳೆದು ಒಲೆಯ ಮುಂದೆ ಒಣಗಿಸುತ್ತಾರೆ. ನಾನು ಅವುಗಳನ್ನು ಬಿಸಿಲಿಗೆ ಹಿಡಿದು, ಕೊಡವಿ, ಸಾಲಾಗಿ ಹಾಕಿ, ಅವು ಗಾಳಿಗೆ ತೋಳು ಆಡಿಸುವುದನ್ನು ನೋಡುತ್ತ ನಿಂತೆ.

ಹಿಂದಿನ ಓಣಿಯಾಚೆ ಮೆಕೆನ್ನಾ ಮನೆ. ಫೀಲಿಮ್ ಮೆಕೆನ್ನಾ ಬ್ರಿಟಿಷರು ಜೈಲಿಗೆ ಹಾಕಿದವರ ಕುಟುಂಬಗಳಿಗೆ ಚಂದಾ ಎತ್ತುವವರು. ಅವರ ಮಾಳಿಗೆಯಲ್ಲಿ ಗಡಿಯಾಚೆಯಿಂದ ತಲೆಮರೆಸಿಕೊಂಡು ಬಂದ ಹುಡುಗರು ಒಂದು ವಾರ ಇಬ್ಬರು, ಇನ್ನೊಂದು ವಾರ ಬೇರೆ ಇಬ್ಬರು ಇರುತ್ತಿದ್ದರು. ಫೀಲಿಮ್‌ರ ಹೆಂಡತಿ ಬೆಲ್ಲಾ ಹಿಂಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಹಗ್ಗವನ್ನೇ ನೋಡುತ್ತಿದ್ದಳು.

"ಒಳ್ಳೆ ಬಿಸಿಲು ಅಲ್ವಾ ಇಮೆಲ್ಡಾ," ಎಂದಳು. "ನೀನು ಎಲ್ಲಾ ಹೊರಗೆ ಹಾಕಿಬಿಟ್ಟೆ."

ಹೌದು ಎಂದು ನಗುತ್ತ ಹೇಳಿ, ಮಗು ಎದ್ದ ಸದ್ದಿಗೆ ಒಳಗೆ ಓಡಿದೆ. ಅರ್ಧ ಗಂಟೆ ಹಾಲೂಡಿಸಿದೆ.

ಮಗುವನ್ನು ಎತ್ತಿಕೊಂಡು ನಾನು ಮತ್ತೆ ಹೊರಗೆ ಬಂದಾಗ ಡಿಂಪ್ನಾ ಓಣಿಯ ತುದಿಯಲ್ಲಿದ್ದರು. ಅಲ್ಲಿಂದಲೇ ಹಗ್ಗ ನೋಡಿದರು. ಅವರ ನಡಿಗೆ ಚೂರೂ ಬದಲಾಗಲಿಲ್ಲ. ಗೇಟು ತೆಗೆದರು, ಬುಟ್ಟಿ ಎತ್ತಿಕೊಂಡರು, ಮೊದಲು ಬಲಿಪೀಠದ ಬಟ್ಟೆಗಳನ್ನು ತೆಗೆದರು. ಒಂದೊಂದನ್ನೂ ಮೂರು ಮಡಿಕೆ ಮಾಡಿದರು. ಆಮೇಲೆ ಟವೆಲ್ಲು, ಆಮೇಲೆ ಕಾಲುಚೀಲ. ಕೊನೆಗೆ ಅಂಗಿಗಳು. ಅವಸರವೇ ಇಲ್ಲದವರ ಹಾಗೆ. ಆದರೆ ಅವರ ಬಾಯಿಂದ ಕ್ಲಿಪ್ಪು ಎರಡು ಸಲ ನೆಲಕ್ಕೆ ಬಿತ್ತು, ಎರಡು ಸಲವೂ ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಒಳಗೆ ಬಾ ಮಗಳೇ," ಎಂದರು.

ಅಡಿಗೆಮನೆಯಲ್ಲಿ ಪರದೆ ಎಳೆದಿತ್ತು. ಯೂಜೀನ್ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಡಿಂಪ್ನಾ ಅಂಗಿಗಳನ್ನು ಮೇಜಿನ ಮೇಲೆ ಹರಡಿದರು. ಮೂರು. ನಾನು ಹಾಕಿದ್ದು ನಾಲ್ಕು. ಹಾಗೆಂದು ಹೇಳಿದೆ. ಆಗ ಅವರು ಎರಡೇ ಮಾತಿನಲ್ಲಿ ನನಗೆ ಎಲ್ಲ ಹೇಳಿದರು: ಮಗ ಸಿಪಾಯಿ, ಇವು ಸೈನ್ಯದ ಅಂಗಿ. ನಾನು ಏನು ಮಾಡಿದ್ದೇನೆ ಎಂದು ತಿಳಿದಾಗ ಮಗುವನ್ನು ಅವರ ಕೈಗೆ ಕೊಟ್ಟು ಕೂತುಬಿಟ್ಟೆ. ಹಿಂದಿನ ವರ್ಷ ಗಡಿಯಾಚೆ ರಜೆಯ ಮೇಲೆ ಅಮ್ಮನ ಮನೆಗೆ ಬಂದ ಒಬ್ಬ ಸಿಪಾಯಿಯನ್ನು ಹುಡುಗರು ಕರೆದೊಯ್ದಿದ್ದರು. ಮಾರನೆಯ ದಿನ ಅವನು ಹೊಲದ ಬೇಲಿಯ ಹತ್ತಿರ ಹೆಣವಾಗಿ ಸಿಕ್ಕ.

ಯೂಜೀನ್ ಮೆಲ್ಲಗೆ ಹೇಳಿದ, ಆರು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದು. ಬಸ್ಸು ನಿಲ್ಲುವುದು ಫೀಲಿಮ್‌ರ ತಮ್ಮನ ಹೆಂಡದಂಗಡಿಯ ಮುಂದೆ. ಅವನಿಗೂ ಅದು ಗೊತ್ತಿತ್ತು.

ಮಧ್ಯಾಹ್ನ ಕಾರ್ಮಾಕ್ ಮನೆಗೆ ಬಂದ. ನಮ್ಮ ಹಳೆ ಫೋರ್ಡಿನಲ್ಲಿ ಹುಡುಗನನ್ನು ಡಂಡಾಕ್ ರೈಲುನಿಲ್ದಾಣಕ್ಕೆ ಬಿಟ್ಟು ಬಾ ಎಂದು ಬೇಡಿಕೊಂಡೆ. ಅವನು ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಲೇ ಇದ್ದ. ಅವನ ದೊಡ್ಡಪ್ಪನ ಮಗನ ದವಡೆಯನ್ನು ಗಡಿಯಾಚೆಯ ಡೆರಿ ಪಟ್ಟಣದಲ್ಲಿ ಸಿಪಾಯಿಗಳು ಬಂದೂಕಿನ ಹಿಡಿಯಿಂದ ಮುರಿದಿದ್ದರು. ಆ ಮನುಷ್ಯ ಇವತ್ತಿಗೂ ಗಂಜಿ ಕುಡಿಯುತ್ತಾನೆ.

"ಆ ಅಮ್ಮನ ಮುಖ ನೋಡಿದ್ರೆ ಅಯ್ಯೋ ಅನಿಸತ್ತೆ," ಎಂದ. "ಮಗನ ಅಂಗಿ ನೋಡಿದ್ರೆ ಅನಿಸಲ್ಲ. ನಮಗೊಂದು ಮಗು ಇದೆ. ಅದು ನೆನಪಿದೆಯಾ ನಿಂಗೆ?"

ನನಗೆ ಅದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಐದು ಗಂಟೆಗೆ ಡಿಂಪ್ನಾ ಟೋಪಿ ಹಾಕಿಕೊಂಡು, ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮೆಕೆನ್ನಾ ಮನೆಗೆ ಹೋಗುತ್ತೇನೆ, ಜೊತೆಗೆ ಬರುತ್ತೀಯಾ ಎಂದರು. ಎತ್ತಿಕೊಂಡ ಮಗುವನ್ನು ಕೆಳಗಿಳಿಸಲು ಧೈರ್ಯ ಸಾಲದೆ ಹಾಗೆಯೇ ಹೋದೆ. ಹಿಂಬಾಗಿಲಿಂದ ಅಲ್ಲ. ಬೀದಿ ಬಳಸಿ, ಎಲ್ಲರಿಗೂ ಕಾಣುವ ಹಾಗೆ, ಮುಂಬಾಗಿಲಿಗೆ.

ಫೀಲಿಮ್ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ನಾಲ್ಕನೆಯ ಅಂಗಿ. ಬೆಲ್ಲಾ ಅದಕ್ಕೆ ಇಸ್ತ್ರಿ ಮಾಡಿ ಮಡಿಸಿದ್ದಳು. ಕೈಗೆ ಸಿಕ್ಕ ಬಟ್ಟೆಯನ್ನು ಸುಕ್ಕಾಗಿ ಬಿಡುವುದು ಅವಳಿಂದ ಆಗದು. ಕಾಲರಿನ ಸಂಖ್ಯೆ ಮೇಲೆ ಕಾಣುವಂತಿತ್ತು.

"ಬಾ ಡಿಂಪ್ನಾ," ಎಂದರು ಫೀಲಿಮ್. "ಈಗ ಕವೆಂಟ್ರಿಯಲ್ಲಿ ಕಾರು ಮಾಡೋರಿಗೆ ಖಾಕಿ ಕೊಡ್ತಾರಾ?"

"ಕೊಡಲ್ಲ."

"ಮೂರು ವರ್ಷ ನಂಗೆ ಸುಳ್ಳು ಹೇಳಿದೆ. ಮುಖಕ್ಕೆ ಮುಖ ಕೊಟ್ಟು."

"ನೀನು ನಂಬಿರಲಿಲ್ಲವಲ್ಲ."

ಬೆಲ್ಲಾ ಚಹಾ ಸುರಿದಳು. ಫೀಲಿಮ್ ಅಂಗಿಯ ಮೇಲೆ ಅಂಗೈ ಇಟ್ಟರು. "ನನ್ನ ತಂಗಿ ಮಗ ಹದಿನಾಲ್ಕು ತಿಂಗಳಿಂದ ವಿಚಾರಣೆ ಇಲ್ಲದೆ ಜೈಲಲ್ಲಿದಾನೆ. ಹಾಸಿಗೆಯಿಂದ ಎಳ್ಕೊಂಡು ಹೋದೋರು ಇಂಥದೇ ಅಂಗಿ ಹಾಕಿದ್ರು. ನಿನ್ನ ಮಗ ಅಲ್ಲಿರಲಿಲ್ಲ, ನಂಗೊತ್ತು. ಆದ್ರೆ ಅಂಗಿ ಇದೇ."

ಡಿಂಪ್ನಾ ಚಹಾಕ್ಕೆ ಸಕ್ಕರೆ ಹಾಕಿ ಕಲಕಿದರು. "ನಂಗೆ ಒಂಬತ್ತು ವರ್ಷ ಆಗಿದ್ದಾಗ ನಿಮ್ಮಪ್ಪ ಹನ್ನೊಂದು ದಿನ ನಮ್ಮನೇಲಿ ಅಡಗಿ ನನ್ನ ಹಾಸಿಗೇಲಿ ಮಲಗಿದ್ರು," ಎಂದರು. "ನಾನು ನೆಲದ ಮೇಲೆ. ಊರೆಲ್ಲ ಹುಡುಕಿದ ಸೈನ್ಯ ನಮ್ಮನೆಗೆ ಬರಲಿಲ್ಲ. ನಮ್ಮಪ್ಪ ಎದೆಗೆ ಮೆಡಲು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ರು. ಸಿಪಾಯಿಗಳು ಸೆಲ್ಯೂಟ್ ಹೊಡೆದು ಮುಂದೆ ಹೋದ್ರು."

"ಗೊತ್ತು."

"ಆಮೇಲೆ ನಮ್ಮಪ್ಪ ಸತ್ತರು. ಗಾಡೀಲಿ ಹೋದ್ರು."

"ಅದೂ ಗೊತ್ತು. ನಮ್ಮಪ್ಪ ಆ ಕಿಟಕೀಲಿ ಟೋಪಿ ತೆಗೆದು ನಿಂತಿದ್ರು. ನಾನೂ ಪಕ್ಕದಲ್ಲಿದ್ದೆ." ಫೀಲಿಮ್ ಕಿಟಕಿಯ ಕಡೆ ನೋಡಲಿಲ್ಲ.

ಆಗ ಮಾಳಿಗೆಯ ಮೇಲೆ ಹೆಜ್ಜೆ ಸದ್ದಾಯಿತು. ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ವಾಪಸು. ನಾಲ್ಕು ಜನವೂ ಸೂರು ನೋಡಿದೆವು. ಓರ್ಲಾ ಅಳಲು ಶುರುಮಾಡಿದಳು. ಅವಳ ಬಾಯಿ ಮುಚ್ಚಬೇಕು ಅನಿಸಿತು, ನಿಜವಾಗಿಯೂ ಕೈ ಮೇಲೆತ್ತಿದೆ. ಫೀಲಿಮ್ ಕೇಳಿದರು, ಎಷ್ಟು ತಿಂಗಳು ಎಂದು. ನಾಲ್ಕು ಎಂದೆ. ಹಲ್ಲು ಬರೋ ಮುಂಚೆ ಹೀಗೇ, ಎಂದರು.

ಅವರು ಮಾತಾಡಿದಾಗ ದನಿ ತಗ್ಗಿತ್ತು. "ಮೇಲಿರೋರು ನಾನು ಹೇಳಿದ ಹಾಗೆ ಕೇಳೋರಲ್ಲ. ಸಂಖ್ಯೆ ಬರ್ಕೊಂಡಿದಾರೆ. ಆದ್ರೆ ಇವತ್ತು ಶನಿವಾರ. ಪಾಪನಿವೇದನೆ ಮಾಡದೋನು ಈ ಮನೇಲಿ ಭಾನುವಾರ ತಿಂಡಿ ತಿನ್ನಲ್ಲ, ಅದು ಬೆಲ್ಲಾ ಕಾನೂನು. ಏಳಕ್ಕೆ ಇಬ್ಬರನ್ನೂ ಚರ್ಚಿಗೆ ಕರ್ಕೊಂಡು ಹೋಗ್ತೀನಿ. ಹಿರಿ ಪಾದ್ರಿಗೆ ಕಿವಿ ಮಂದ, ಸಾಲು ಸರಿಯೋದು ನಿಧಾನ. ಅವನು ಊರು ದಾಟೋಕೆ ಒಂದು ಗಂಟೆ ಸಿಗತ್ತೆ. ಅದಕ್ಕಿಂತ ಜಾಸ್ತಿ ಪಾಪ ತಮ್ಮ ಹತ್ರ ಇಲ್ಲ ಅಂತ ಅವರೇ ಹೇಳ್ತಾರೆ."

ಡಿಂಪ್ನಾ ಎದ್ದು ಅಂಗಿಗೆ ಕೈ ಚಾಚಿದರು. ಫೀಲಿಮ್ ಅಂಗೈ ಎತ್ತಲಿಲ್ಲ.

"ಇದು ಇಲ್ಲೇ ಇರಲಿ. ಇನ್ನೊಂದು ಮಾತು. ಅವನು ಮತ್ತೆ ಬರಕೂಡದು. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಇನ್ನೊಂದು ಸಲ ನನ್ನ ಹತ್ರ ಶನಿವಾರ ಇರಲ್ಲ."

"ನನ್ನ ಸಾವಿಗೂ?"

"ನಿನ್ನದಕ್ಕೂ."

ಡಿಂಪ್ನಾ ಕೈಗವಸು ಹಾಕಿಕೊಂಡರು, ಒಂದೊಂದೇ ಬೆರಳು. ಆಗಲಿ ಎಂದರು.

ಮನೆಗೆ ಬಂದು ಕಾರ್ಮಾಕ್‌ಗೆ ಹೇಳಿದೆ. ಅವನು ಎದ್ದು ಕೋಟು ಹಾಕಿಕೊಂಡ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು, ಮಗೂನೂ ತಗೋ ಎಂದ. ದಾರಿಯಲ್ಲಿ ಯಾರೇ ತಡೆದರೂ ಮಗು ಇರುವ ಕಾರನ್ನು ಹೆಚ್ಚು ಕೆದಕುವುದಿಲ್ಲ. ಆಗುವುದಿಲ್ಲ ಎಂದೆ. ನನ್ನ ಮಗುವನ್ನು ಇದಕ್ಕೆ ಒಡ್ಡುವುದಿಲ್ಲ ಎಂದು ಕೂಗಿದೆ. "ಹಗ್ಗಕ್ಕೆ ಹಾಕಿದ್ದು ಯಾರು?" ಎಂದಷ್ಟೇ ಅವನು ಕೇಳಿದ. ನಾನು ಕಂಬಳಿ ತಂದೆ.

ಡಿಂಪ್ನಾ ಮಗನನ್ನು ಹಿಂಬಾಗಿಲ ತನಕವೂ ಬಿಡಲು ಬರಲಿಲ್ಲ, ಯಾರಾದರೂ ನೋಡಿಯಾರು ಎಂದು. ಒಳಗೇ ಅವನ ಕೋಟಿನ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿದರು. ಕಾಲು ಒದ್ದೆ ಮಾಡ್ಕೋಬೇಡ ಎಂದರು. ಸೋಡಾ ಬ್ರೆಡ್ಡಿನ ಪೊಟ್ಟಣ ಕೊಟ್ಟರು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನು ತಿರುಗಿಸಿ ಬಟ್ಟಲು ತೊಳೆಯತೊಡಗಿದರು.

ಯೂಜೀನ್ ಹಿಂದಿನ ಸೀಟಿನ ಕೆಳಗೆ ಮಲಗಿದ. ಅವನ ಮೇಲೆ ಕಂಬಳಿ, ಕಂಬಳಿಯ ಮೇಲೆ ಓರ್ಲಾಳ ಬಟ್ಟೆಯ ಮೂಟೆ. ಏಳು ಕಳೆದು ಹತ್ತು ನಿಮಿಷಕ್ಕೆ ಚರ್ಚಿನ ಮುಂದೆ ಹಾದೆವು. ಸೂರ್ಯ ಇನ್ನೂ ಮೇಲಿದ್ದ. ಫೀಲಿಮ್ ಬಾಗಿಲಲ್ಲಿ ನಿಂತಿದ್ದರು. ಅವರ ಮುಂದೆ ಒಳಗೆ ಹೋಗುತ್ತಿದ್ದ ಇಬ್ಬರು ಹುಡುಗರ ಬೆನ್ನು ಕಂಡಿತು. ಒಬ್ಬನ ಕಿವಿಗಳು ಚಿಕ್ಕ ಹುಡುಗರ ಹಾಗೆ ಹೊರಗೆ ಚಾಚಿಕೊಂಡಿದ್ದವು. ಫೀಲಿಮ್ ನಮ್ಮ ಕಾರು ನೋಡಿದರು, ಗಡಿಯಾರ ನೋಡಿಕೊಂಡರು, ಒಳಗೆ ಹೋದರು.

ಊರು ದಾಟಿದ ಮೇಲೆ ಕಾರ್ಮಾಕ್ ಕೇಳಿದ, ಯಾಕೆ ಸೇರಿದೆ ಎಂದು. ಕಂಬಳಿಯ ಕೆಳಗಿಂದ ಉತ್ತರ ಬಂತು. ಲಿವರ್‌ಪೂಲ್‌ನಲ್ಲಿ ಇದ್ದ ಕೆಲಸ ಹೋಯಿತು, ಬಾಡಿಗೆ ಕೋಣೆ ಹೋಯಿತು, ಸೈನ್ಯದಲ್ಲಿ ಇಂಜಿನ್ ಕೆಲಸ ಕಲಿಸುತ್ತಾರೆ ಎಂದರು. ತಾತನೂ ಅದೇ ಸೈನ್ಯದಲ್ಲಿ ಇದ್ದರಲ್ಲ. ಇವತ್ತಿನ ತನಕ ಯಾರ ಮೇಲೂ ಬಂದೂಕು ಎತ್ತಿಲ್ಲ.

"ನಾಳೆ ನಿನ್ನನ್ನ ಡೆರಿಗೆ ಕಳಿಸಿದ್ರೆ?"

"ಕಳಿಸಿದ್ರೆ ಹೋಗಬೇಕು," ಎಂದ ಯೂಜೀನ್.

ಕಾರ್ಮಾಕ್ ಕಾರು ನಿಲ್ಲಿಸುತ್ತಾನೆ ಎಂದೇ ಅಂದುಕೊಂಡೆ. ನಿಲ್ಲಿಸಲಿಲ್ಲ. ಮುಂದೆ ಒಂದು ಚೌಕಿಯಲ್ಲಿ ನಮ್ಮದೇ ಪೊಲೀಸಿನವನು ಕೈ ತೋರಿಸಿ ನಿಲ್ಲಿಸಿ, ಮಗುವನ್ನು ನೋಡಿ, ಹಲ್ಲು ಬರ್ತಿದೆಯಾ ಎಂದು ಕೇಳಿ ಬಿಟ್ಟ. ಡಂಡಾಕ್‌ನಲ್ಲಿ ಯೂಜೀನ್ ರೈಲು ಹತ್ತುವ ಮುಂಚೆ ಕೈ ಚಾಚಿದ. ಕಾರ್ಮಾಕ್ ಆ ಕೈ ಹಿಡಿಯಲಿಲ್ಲ. ಕಾರಿನ ನೆಲದ ಮೇಲಿದ್ದ ಬ್ರೆಡ್ಡಿನ ಪೊಟ್ಟಣ ಎತ್ತಿ ಆ ಕೈಯಲ್ಲಿಟ್ಟ.

ಮಾರನೆಯ ದಿನ ಪೂಜೆ ಮುಗಿದ ಮೇಲೆ ಆ ಇಬ್ಬರು ಹುಡುಗರು ಡಿಂಪ್ನಾ ಅವರ ಮನೆಗೆ ಬಂದರು. ಗೋಡೆಗೆ ಕಿವಿ ಇಟ್ಟು ಕೇಳಿದೆ. ಮೆಟ್ಟಿಲು ಹತ್ತಿದರು, ಇಳಿದರು. ಆಮೇಲೆ ಬಟ್ಟಲಿನ ಸದ್ದು. ಅವರಿಗೆ ಚಹಾ ಕೊಟ್ಟು ಕಳಿಸಿದ್ದರು.

ಡಿಂಪ್ನಾ ನನ್ನನ್ನು ಒಂದು ದಿನವೂ ದೂರಲಿಲ್ಲ. ನಾನೇ ಒಮ್ಮೆ ಆ ಮಾತು ತೆಗೆದು ಅತ್ತಾಗ, ಚೆನ್ನಾಗಿ ಹಾಕಿದ್ದೆ ಕಣೇ, ಅಂಚಿಗೆ ಕ್ಲಿಪ್ಪು ಸಿಕ್ಕಿಸಿದ್ದೆ, ಹೆಗಲಲ್ಲಿ ಗುರುತು ಬೀಳಲ್ಲ ಎಂದರು. ಯೂಜೀನ್‌ನ ಕಾಗದಗಳು ಡಬ್ಲಿನ್‌ಗೆ, ನನ್ನ ಅಮ್ಮನ ವಿಳಾಸಕ್ಕೆ ಬರುತ್ತಿದ್ದವು. ಎರಡು ತಿಂಗಳಿಗೊಮ್ಮೆ ಓರ್ಲಾಳ ಬಟ್ಟೆಗಳ ನಡುವೆ ಇಟ್ಟು ತರುತ್ತಿದ್ದೆ. ಅವರು ಓದಿ ಒಲೆಗೆ ಹಾಕುತ್ತಿದ್ದರು. ನಾಲ್ಕು ವರ್ಷ ಹೀಗೇ. ಆ ನಾಲ್ಕು ವರ್ಷದಲ್ಲಿ ಹಿತ್ತಲ ಹಗ್ಗಕ್ಕೆ ಅವರು ಬಲಿಪೀಠದ ಬಟ್ಟೆಗಳನ್ನಲ್ಲದೆ ಬೇರೇನೂ ಹಾಕಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಅವರು ಇಸ್ತ್ರಿ ಮಾಡುತ್ತಿದ್ದಂತೆ ಕುಸಿದರು. ಸುಟ್ಟ ವಾಸನೆ ಗೋಡೆ ದಾಟಿ ಬಂದಾಗ ಓಡಿದೆ. ಯೂಜೀನ್‌ಗೆ ಫೋನು ಮಾಡಿದವಳೂ ನಾನೇ. ಬರುತ್ತೇನೆ ಎಂದ. ಬರಬೇಡ ಎಂದೆ. ಅವನು ಅತ್ತ, ನಾನು ಅದನ್ನೇ ಮತ್ತೆ ಮತ್ತೆ ಹೇಳಿದೆ.

ಮಣ್ಣಿನ ದಿನ ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆಗೆ ಆರು ಹೆಗಲು ಬೇಕಾಗಿತ್ತು. ಕಾರ್ಮಾಕ್ ಮತ್ತು ಓಣಿಯ ನಾಲ್ವರು ಬಂದರು. ಮುಂದಿನ ಎಡಗಡೆ, ಮಗ ನಿಲ್ಲಬೇಕಾದ ಜಾಗ, ಖಾಲಿ. ಗಾಡಿ ತರಿಸಬೇಕೇನೋ ಎಂದು ಯಾರೋ ಗೊಣಗಿದರು. ಆಗ ಫೀಲಿಮ್ ಜನರ ನಡುವಿನಿಂದ ಬಂದು, ಟೋಪಿಯನ್ನು ಕೋಟಿನ ಜೇಬಿಗೆ ತುರುಕಿ, ಆ ಜಾಗದಲ್ಲಿ ನಿಂತರು. ಅವರಿಗೆ ಅರವತ್ತೆರಡು. ಹೊರುವವರು ಜೋಡಿಜೋಡಿಯಾಗಿ ಒಬ್ಬರ ಹೆಗಲ ಮೇಲೆ ಒಬ್ಬರು ತೋಳು ಹಾಕಬೇಕು. ಅವರ ಜೋಡಿಯಾಗಿ ಮುಂದಿನ ಬಲಗಡೆ ನಿಂತಿದ್ದ ಕಾರ್ಮಾಕ್ ಒಂದು ಕ್ಷಣ ತಡೆದು, ತೋಳು ಹಾಕಿದ.

ಅಂದು ಸಂಜೆ ಅಂಚೆ ಕಚೇರಿಯ ಪಕ್ಕದ ಟೆಲಿಫೋನ್ ಪೆಟ್ಟಿಗೆಯಿಂದ ಯೂಜೀನ್‌ಗೆ ಫೋನು ಮಾಡಿದೆ. ಗಾಜಿನ ಹೊರಗೆ ಬೆಲ್ಲಾ ತನ್ನ ಸರದಿಗೆ ಕಾಯುತ್ತಿದ್ದಳು. ಅದಕ್ಕೇ ಅವನನ್ನು ಮೌರಾ ಎಂದು ಕರೆದೆ, ನನ್ನ ಗೆಳತಿಯ ಹೆಸರು. ಅವನಿಗೆ ಅರ್ಥವಾಯಿತು. ಜನ ಬಂದಿದ್ದರಾ ಎಂದು ಕೇಳಿದ. ತುಂಬ ಎಂದೆ. ಗಾಡಿಯಾ ಎಂದು ಕೇಳಿದ. ಅಲ್ಲ, ಹೆಗಲ ಮೇಲೇ, ಎಂದೆ.

"ಮುಂದೆ ನನ್ನ ಜಾಗದಲ್ಲಿ ಯಾರಿದ್ರು?"

"ಹಿಂದಿನ ಮನೆಯವರು."

ಬೆಲ್ಲಾ ಗಾಜಿನಾಚೆಯಿಂದ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಅಮ್ಮ ಭಾರ ಇದ್ದರಾ?" ಎಂದು ಕೇಳಿದ.

ಕಾರ್ಮಾಕ್‌ನ ಹೆಗಲ ಮೇಲೆ ಎದ್ದಿದ್ದ ಕೆಂಪು ಬರೆಗೆ ಆಗಷ್ಟೇ ಎಣ್ಣೆ ಹಚ್ಚಿ ಬಂದಿದ್ದೆ.

"ಇಲ್ಲ ಮೌರಾ," ಎಂದೆ. "ಏನೂ ಭಾರ ಇರಲಿಲ್ಲ."